ಮೋರ್ಸ್ ಕೇಳುವುದು, ಸಿಗ್ನಲ್ ರಿಪೋರ್ಟ್ ಕೊಡುವುದು: ಕೊಡಗಿನ ಹೊಸ ಹ್ಯಾಮ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಹೊಸದಾಗಿ ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಹಿಡಿದವರು ಎಡವುವುದು ಹೆಚ್ಚಾಗಿ ಎರಡು ಕಡೆ. ಮೋರ್ಸ್ ಅನ್ನು ಚುಕ್ಕೆ-ಗೆರೆಗಳ ಪಟ್ಟಿ ನೋಡಿ ಬಾಯಿಪಾಠ ಮಾಡುತ್ತಾರೆ. ರೇಡಿಯೊದಲ್ಲಿ ನಿಜವಾದ ಸಿಗ್ನಲ್ ಬಂದಾಗ ಒಂದಕ್ಷರವೂ ಹಿಡಿತಕ್ಕೆ ಸಿಗುವುದಿಲ್ಲ. ಇನ್ನೊಂದು, ಕೇಳಿಸಿದವರಿಗೆಲ್ಲ 599, ಅಂದರೆ ‘ಎಲ್ಲ ಸ್ಪಷ್ಟ, ಬಲವಾಗಿದೆ’ ಎಂದು ರಿಪೋರ್ಟ್ ಕೊಟ್ಟು, ಮರುಕ್ಷಣವೇ ‘ಹೆಸರು ಮತ್ತೊಮ್ಮೆ ಕಳಿಸಿ’ ಎನ್ನುತ್ತಾರೆ. ಎರಡಕ್ಕೂ ಮೂಲ ಒಂದೇ. ಕಿವಿ ಮಾಡಬೇಕಾದ ಕೆಲಸವನ್ನು ಕಣ್ಣಿಗೆ ವಹಿಸಿರುತ್ತಾರೆ: ಅಲ್ಲಿ ಪಟ್ಟಿ ನೋಡುತ್ತಾರೆ, ಇಲ್ಲಿ ಸಿಗ್ನಲಿನ ಬಲ ತೋರಿಸುವ ಎಸ್-ಮೀಟರ್ ನೋಡುತ್ತಾರೆ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಗದ್ದಲವನ್ನು ಗುರುತಿಸಲು ಬಾರದವರಿಗೆ ಸಿಗ್ನಲ್ ಅಳೆಯಲು ಬಾರದು.

## ಬೇಕಾದ ಸಾಮಾನು

ಸಿಡಬ್ಲ್ಯೂ (ಮೋರ್ಸ್) ಅಥವಾ ಎಸ್‌ಎಸ್‌ಬಿ (ಹ್ಯಾಮ್‌ಗಳ ಮಾತಿನ ಸಂಪರ್ಕದ ಒಂದು ಬಗೆ) ಮೋಡ್ ಇರುವ ರಿಸೀವರ್ ಬೇಕು. ಮನೆಯ ಸಾಮಾನ್ಯ ರೇಡಿಯೊದಲ್ಲಿ ಮೋರ್ಸ್ ಕೂಗಾಗಿ ಕೇಳುವುದಿಲ್ಲ. ಕೀ ಒತ್ತಿದಾಗ ಹಿನ್ನೆಲೆಯ ಸರಸರ ಕೊಂಚ ಅಡಗುತ್ತದೆ, ಅಷ್ಟೇ. ಮೋರ್ಸ್ ಸಿಗ್ನಲ್‌ನಲ್ಲಿ ಧ್ವನಿಯೇ ಇರುವುದಿಲ್ಲ. ಒಂದು ಅಲೆ ಬರುತ್ತದೆ, ನಿಲ್ಲುತ್ತದೆ. ಅದನ್ನು ‘ಪೀ’ ಎಂಬ ಸ್ವರವಾಗಿಸುವುದು ರಿಸೀವರಿನೊಳಗಿನ ಬೀಟ್ ಆಸಿಲೇಟರ್.

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಜೂನ್-ಜುಲೈಯಲ್ಲಿ ಶೀಟಿನ ಮೇಲೆ ಬೀಳುವ ಮಳೆಯ ಸದ್ದೇ ದುರ್ಬಲ ಸಿಗ್ನಲನ್ನು ನುಂಗಿಬಿಡುತ್ತದೆ. ಸೆಕೆಂಡ್ ತೋರಿಸುವ ಗಡಿಯಾರ, ಗೆರೆಯಿಲ್ಲದ ಹಾಳೆ, ಸಲೀಸಾಗಿ ಓಡುವ ಪೆನ್ ಇಟ್ಟುಕೊಳ್ಳಿ.

ಆಂಟೆನಾ ಆಗಿ 7 ಮೆಗಾಹರ್ಟ್ಸ್‌ನ ಡೈಪೋಲ್ (ನಡುವಿನಿಂದ ಕೇಬಲ್ ಇಳಿಸಿದ, ಎರಡು ಸಮ ಕೈಗಳ ತಂತಿ) ಸಾಕು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.05ಕ್ಕೆ ಸುಮಾರು 20.3 ಮೀಟರ್, ಅಂದರೆ ಒಂದೊಂದು ಕೈ 10.15 ಮೀಟರ್. ತೋಟದ ಎರಡು ಸಿಲ್ವರ್ ಮರಗಳ ನಡುವೆ 6–8 ಮೀಟರ್ ಎತ್ತರದಲ್ಲಿ ಕಟ್ಟಿದರೆ ಸಿಗ್ನಲ್ ನೆತ್ತಿಯ ಕಡೆಗೆ ಹೋಗಿ ಅಯಾನುಗೋಳದಿಂದ ಕೆಳಗಿಳಿಯುತ್ತದೆ. ಹಗಲಲ್ಲಿ ಮೈಸೂರು, ಮಂಗಳೂರು, ಬೆಂಗಳೂರು ಸಿಗುವುದು ಹೀಗೆ. ನಡುವಿನ ಬೆಟ್ಟಗಳು ಅಡ್ಡಬರುವುದಿಲ್ಲ. 144 ಮೆಗಾಹರ್ಟ್ಸ್‌ನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ಬೆಟ್ಟ ನಿಜವಾಗಿಯೂ ಗೋಡೆ.

ಎರಡು ಎಚ್ಚರಿಕೆ. ತಂತಿ ಕಟ್ಟಲು ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿಯನ್ನು ವಿದ್ಯುತ್ ಲೈನ್ ಹತ್ತಿರ ಒಯ್ಯಲೇಬೇಡಿ. ಲೈನಿನ ಮೇಲೆ ಅಥವಾ ಕೆಳಗೆ ಆಂಟೆನಾ ಹಾಯಿಸಬೇಡಿ. ಗುಡುಗಿನ ಮೊದಲ ಸದ್ದಿಗೇ ಆಂಟೆನಾ ಕೇಬಲನ್ನು ರಿಗ್‌ನಿಂದ (ರೇಡಿಯೊ ಸೆಟ್‌ನಿಂದ) ಬಿಚ್ಚಿ ಮನೆಯ ಹೊರಗಿಡಿ. ಸ್ವಿಚ್ ಆರಿಸಿದರೆ ಸಾಲದು.

ಕಳಿಸಲು ಲೈಸೆನ್ಸ್ ಬೇಕೇ ಬೇಕು. ನಮ್ಮಲ್ಲಿ ಜನರಲ್ ದರ್ಜೆಯ ಪರೀಕ್ಷೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕೇಳಿ ಬರೆಯಲೂ ಕಳಿಸಲೂ ಬರಬೇಕು.

## ಹಂತ 1: ಮೊದಲು ಗದ್ದಲವನ್ನು ಗುರುತಿಸಿ

ರಿಸೀವರನ್ನು ಸಿಡಬ್ಲ್ಯೂಗೆ ಹಾಕಿ 7.000 ಮತ್ತು 7.030 ಮೆಗಾಹರ್ಟ್ಸ್ ನಡುವೆ ನಿಧಾನವಾಗಿ ಓಡಾಡಿ. ಅಕ್ಷರ ಹುಡುಕಬೇಡಿ. ಏನೇನು ಸದ್ದಿದೆ ಎಂದಷ್ಟೇ ಬರೆದುಕೊಳ್ಳಿ.

ಕೊಡಗಿನಲ್ಲಿ ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಆನೆಗೆ ಹಾಕಿದ ಸೋಲಾರ್ ಬೇಲಿ. ಅದರ ಯಂತ್ರ ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮಿಡಿತ ಬಿಡುತ್ತದೆ; ತಂತಿಗೆ ಒದ್ದೆ ಬಳ್ಳಿ ತಾಗಿ ಕಿಡಿ ಹಾರಿದರೆ ರೇಡಿಯೊದಲ್ಲಿ ‘ಟಕ್… ಟಕ್… ಟಕ್’ ಎಂದು ಬರುತ್ತದೆ. ಯಾರೋ ‘ಇ’ ಅಕ್ಷರವನ್ನು ಬಿಡದೆ ಕಳಿಸುತ್ತಿದ್ದಾರೆ ಎಂದು ಅನ್ನಿಸುವುದು ಸಹಜ. ಪರೀಕ್ಷೆ ಸುಲಭ: ಟ್ಯೂನಿಂಗ್ ಗುಂಡಿ ತುಸು ತಿರುಗಿಸಿ. ಮೋರ್ಸ್ ಆದರೆ ಸ್ವರ ಏರುತ್ತದೆ ಇಲ್ಲವೇ ಇಳಿಯುತ್ತದೆ. ಬೇಲಿಯ ಟಕ್‌ಗೆ ಸ್ವರವೇ ಇಲ್ಲ, ಎಲ್ಲಿಗೆ ತಿರುಗಿಸಿದರೂ ಹಾಗೇ ಇರುತ್ತದೆ. ಬೇಲಿಗೆ ತಾಗಿದ ಬಳ್ಳಿಯನ್ನು ಸವರಿಸಿ, ಒಡೆದ ಇನ್ಸುಲೇಟರ್ ಬದಲಿಸಿದರೆ ಈ ಸದ್ದು ತಗ್ಗುತ್ತದೆ. ಬೇಲಿಯ ಮಾಲೀಕರಿಗೂ ಇದರಿಂದ ಲಾಭ, ಕಿಡಿ ಹಾರುವ ಬೇಲಿಯಲ್ಲಿ ಆನೆಗೆ ತಟ್ಟಬೇಕಾದ ಶಕ್ತಿ ಸೋರಿಹೋಗುತ್ತಿರುತ್ತದೆ.

ಬಿಡದೆ ಬರುವ ಒರಟು ಗುಂಯ್‌ಗುಡುವಿಕೆ ಇದ್ದರೆ ಅದು ಸಾಮಾನ್ಯವಾಗಿ ವಿದ್ಯುತ್ ಕಂಬದ ಇನ್ಸುಲೇಟರ್‌ನದು. ಕರೆಂಟ್ ಹೋದಾಗ ನಿಂತರೆ ಅನುಮಾನ ಗಟ್ಟಿಯಾಯಿತು. ಬ್ಯಾಂಡಿನಲ್ಲಿ ಸಮ ಅಂತರದಲ್ಲಿ ಮತ್ತೆ ಮತ್ತೆ ಸಿಗುವ ಕೂಗುಗಳು ಚಾರ್ಜರ್, ಎಲ್‌ಇಡಿ ಬಲ್ಬ್ ಇಲ್ಲವೇ ಸೋಲಾರ್ ಚಾರ್ಜ್ ಕಂಟ್ರೋಲರ್‌ನವು. ಒಂದೊಂದಾಗಿ ಪ್ಲಗ್ ಕಿತ್ತು ನೋಡಿ. ಮಾರ್ಚ್-ಏಪ್ರಿಲ್‌ನ ಹೂಮಳೆ ಕಾಲದ ಸಂಜೆ ‘ಚಟಾರ್, ಕರ್ರ್’ ಎಂದು ಬಿಟ್ಟು ಬಿಟ್ಟು ಬರುವುದು ದೂರದ ಮಿಂಚು. ಹ್ಯಾಮ್‌ಗಳು ಈ ಪ್ರಕೃತಿಯ ಗದ್ದಲವನ್ನು ಕ್ಯೂಆರ್‌ಎನ್ ಎಂದೂ, ಬೇರೆ ಸ್ಟೇಷನ್‌ಗಳ ಅಡಚಣೆಯನ್ನು ಕ್ಯೂಆರ್‌ಎಂ ಎಂದೂ, ಸಿಗ್ನಲ್ ಏರಿಳಿಯುವುದನ್ನು ಕ್ಯೂಎಸ್‌ಬಿ ಎಂದೂ ಕರೆಯುತ್ತಾರೆ. ಈ ಮೂರನ್ನು ಈಗಲೇ ಕಲಿಯಿರಿ. ಇವಿಲ್ಲದೆ ರಿಪೋರ್ಟಿಗೆ ಅರ್ಥ ಬರುವುದಿಲ್ಲ.

ಕೊನೆಗೆ, ಸಿಗ್ನಲ್ ಇಲ್ಲದ ಜಾಗದಲ್ಲಿ ಎಸ್-ಮೀಟರ್ ಎಷ್ಟು ತೋರಿಸುತ್ತದೆ ಎಂದು ಬರೆದಿಡಿ. ಐದನೇ ಹಂತಕ್ಕೆ ಈ ಅಂಕಿ ಬೇಕು.

## ಹಂತ 2: ರಿಸೀವರನ್ನು ಹದಕ್ಕೆ ತನ್ನಿ

ಫಿಲ್ಟರ್ 500 ಹರ್ಟ್ಸ್‌ಗೆ ಇಡಿ. 250ಕ್ಕಿಂತ ಕೆಳಗೆ ಇಳಿಸಿದರೆ ಗದ್ದಲವೂ ಸ್ವರದಂತೆ ಮೊಳಗತೊಡಗುತ್ತದೆ, ಅಕ್ಷರಗಳ ಅಂಚು ಕರಗುತ್ತದೆ. ಎಜಿಸಿಯನ್ನು (ಸದ್ದಿನ ಮಟ್ಟವನ್ನು ತಾನೇ ಸರಿದೂಗಿಸುವ ವ್ಯವಸ್ಥೆಯನ್ನು) ಫಾಸ್ಟ್‌ಗೆ ಹಾಕಿ. ಸ್ಲೋ ಇದ್ದರೆ ಒಂದು ಮಿಂಚಿನ ಸದ್ದಿಗೆ ರಿಸೀವರ್ ಕಿವುಡಾಗಿ ಮುಂದಿನ ಎರಡು ಅಕ್ಷರ ಹೋಗುತ್ತವೆ. 7 ಮೆಗಾಹರ್ಟ್ಸ್‌ನಲ್ಲಿ ರಾತ್ರಿ ಪ್ರಿಆಂಪ್ ಆಫ್ ಮಾಡಿ. ಅದು ಗದ್ದಲವನ್ನೂ ಸಿಗ್ನಲನ್ನೂ ಒಟ್ಟಿಗೇ ಎತ್ತುತ್ತದೆ, ಕಿವಿಗೆ ಲಾಭವಿಲ್ಲ, ಮೀಟರ್ ಮಾತ್ರ ಸುಳ್ಳು ಹೇಳುತ್ತದೆ.

ಸ್ವರವನ್ನು ನಿಮ್ಮ ರಿಗ್‌ನ ಸೈಡ್‌ಟೋನ್‌ಗೆ (ಕಳಿಸುವಾಗ ನಿಮಗೇ ಕೇಳಿಸುವ ಸ್ವರಕ್ಕೆ), ಅಂದರೆ ಸಾಮಾನ್ಯವಾಗಿ 600–700 ಹರ್ಟ್ಸ್‌ಗೆ, ಸರಿಯಾಗಿ ಹೊಂದಿಸಿ ಕೇಳಿ. ಇದನ್ನು ಕಡೆಗಣಿಸಿದವರು ಬೇರೆ ಸ್ವರದಲ್ಲಿ ಕೇಳುತ್ತಾ ಉತ್ತರ ಕೊಡುತ್ತಾರೆ. ಆಗ ಅವರ ಸಿಗ್ನಲ್ ಎದುರಿನವರ ಫಿಲ್ಟರಿನ ಆಚೆ ಬೀಳುತ್ತದೆ. ‘ಎಷ್ಟು ಕರೆದರೂ ಯಾರೂ ಓಗೊಡುವುದಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ, ಇಲ್ಲವೇ ಮರೆತು ಆನ್ ಉಳಿದ ಆರ್‌ಐಟಿ (ಕೇಳುವ ಫ್ರೀಕ್ವೆನ್ಸಿಯನ್ನು ಮಾತ್ರ ಸರಿಸುವ ಗುಂಡಿ).

## ಹಂತ 3: ಅಕ್ಷರವನ್ನು ಸದ್ದಾಗಿ ಕಲಿಯಿರಿ

ಅಳತೆ ಮೊದಲು. ಡಿಟ್ (ಚುಕ್ಕೆ) ಒಂದು ಮಾತ್ರೆ, ಡಾ (ಗೆರೆ) ಮೂರು ಮಾತ್ರೆ. ಒಂದೇ ಅಕ್ಷರದೊಳಗಿನ ಬಿಡುವು ಒಂದು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಒಂದು ಮಾತ್ರೆ ಎಷ್ಟು ಮಿಲಿಸೆಕೆಂಡ್ ಎಂದು ತಿಳಿಯಲು 1200ನ್ನು ನಿಮಿಷದ ಪದಗಳಿಂದ ಭಾಗಿಸಿ: 20 ಪದಗಳ ವೇಗದಲ್ಲಿ 60, 8 ಪದಗಳಲ್ಲಿ 150.

ಪಟ್ಟಿ ನೋಡಿ ಕಲಿತವರು 8–10 ಪದಗಳ ಬಳಿ ಸಿಕ್ಕಿಬೀಳುತ್ತಾರೆ. ಕೇಳಿದ ಸದ್ದನ್ನು ಮನಸ್ಸಿನಲ್ಲಿ ಚುಕ್ಕೆ-ಗೆರೆಯಾಗಿಸಿ, ಅದನ್ನು ಪಟ್ಟಿಯಲ್ಲಿ ಹುಡುಕಿ, ಅಕ್ಷರ ಬರೆಯುವಷ್ಟರಲ್ಲಿ ಮುಂದಿನದು ದಾಟಿರುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಒಂದೊಂದು ಅಕ್ಷರವನ್ನು 18–20 ಪದಗಳ ವೇಗದಲ್ಲೇ ಕೇಳಿ. ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿ, ಒಟ್ಟು ವೇಗ 5–8 ಪದ ಬರುವಂತೆ ಮಾಡಿ. ಇದು ಫಾರ್ನ್ಸ್‌ವರ್ತ್ ಕ್ರಮ. ಮೋರ್ಸ್ ಕಲಿಸುವ ಹೆಚ್ಚಿನ ಆಪ್‌ಗಳಲ್ಲಿ ಈ ಎರಡು ವೇಗಗಳನ್ನು ಬೇರೆ ಬೇರೆ ಇಡಬಹುದು.

ಕೊಖ್ ಕ್ರಮದಲ್ಲಿ ಎರಡೇ ಅಕ್ಷರದಿಂದ ಶುರು ಮಾಡಿ: ಕೆ (ಡಾ-ಡಿ-ಡಾ), ಎಂ (ಡಾ-ಡಾ). ನೂರಕ್ಕೆ 90 ಸರಿ ಬಂದ ಮೇಲಷ್ಟೇ ಮುಂದಿನದು: ಆರ್, ಎಸ್, ಯು, ಎ, ಆಮೇಲೆ ಪಿ, ಟಿ, ಎಲ್, ಒ. ದಿನಕ್ಕೆ 15 ನಿಮಿಷದಂತೆ ಎರಡು ಸಲ ಕೂರುವುದು ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ಎಷ್ಟೋ ಮೇಲು.

ಕನ್ನಡದವರಿಗೆ ಇಲ್ಲೊಂದು ಅನುಕೂಲವಿದೆ. ಮೊದಲ ಆರು ಅಕ್ಷರಗಳಲ್ಲೇ ಮರ, ರಸ, ಕಸ, ಸರ, ಕರು, ಸಮ ಎಂಬ ಪದಗಳನ್ನು ರೋಮನ್ ಕಾಗುಣಿತದಲ್ಲಿ ಕಟ್ಟಬಹುದು. ಹತ್ತಾದಾಗ ತೋಟ, ಸಾಲು, ಮಾತು, ಕಾಲು ಬರುತ್ತವೆ. ಇವನ್ನು ಆಪ್‌ಗೆ ಕೊಟ್ಟು ಕೇಳಿ. ಅರ್ಥವಿರುವ ಪದ ಇಡಿಯಾಗಿ ಕಿವಿಗೆ ಹತ್ತುತ್ತದೆ. ಆದರೆ ಅರ್ಧ ಅಭ್ಯಾಸವಾದರೂ ಅರ್ಥವಿಲ್ಲದ ಅಕ್ಷರಗುಂಪುಗಳದ್ದಾಗಿರಲಿ, ಇಲ್ಲದಿದ್ದರೆ ಊಹಿಸುವ ಚಾಳಿ ಬೆಳೆದು ಕಾಲ್‌ಸೈನ್‌ಗಳಲ್ಲಿ (ಒಂದೊಂದು ಸ್ಟೇಷನ್ನಿನ ಗುರುತಿನ ಅಕ್ಷರ-ಅಂಕಿಗಳಲ್ಲಿ) ಕೈಕೊಡುತ್ತದೆ.

ಭಾರತದ ಕಾಲ್‌ಸೈನ್‌ಗಳ ಆರಂಭವನ್ನು ಒಂದು ರಾಗದಂತೆ ಕಿವಿಯಲ್ಲಿ ಕೂರಿಸಿ. ವಿಯು2: ಡಿ-ಡಿ-ಡಿ-ಡಾ, ಡಿ-ಡಿ-ಡಾ, ಡಿ-ಡಿ-ಡಾ-ಡಾ-ಡಾ. ವಿಯು3ರಲ್ಲಿ ಕೊನೆಯದು ಡಿ-ಡಿ-ಡಿ-ಡಾ-ಡಾ. 2 ಮತ್ತು 3 ಅದಲುಬದಲಾಗುವುದು ತುಂಬ ಸಾಮಾನ್ಯ.

ಪರೀಕ್ಷೆ ಬರೆಯುವವರು ಕೊನೆಯ ಎರಡು ವಾರ ಅಕ್ಷರದ ವೇಗವನ್ನೂ 8ಕ್ಕೇ ಇಳಿಸಿ ಕೇಳಿ. 20ರ ವೇಗಕ್ಕೆ ಒಗ್ಗಿದ ಕಿವಿಗೆ ನಿಧಾನದ ‘ಕ್ಯೂ’ ಎರಡು ತುಂಡಾಗಿ ಕೇಳಿಸುವ ಅಪಾಯವಿದೆ.

## ಹಂತ 4: ಬರೆಯುವ ರೀತಿ

ಕೂಡಿಸಿ ಬರೆಯುವ ಸಣ್ಣ ಅಕ್ಷರ ಬಳಸಿ, ದೊಡ್ಡಕ್ಷರಕ್ಕೆ ಕೈ ಹೆಚ್ಚು ಸಲ ಎತ್ತಬೇಕು. ಒಂದಕ್ಷರ ತಪ್ಪಿದರೆ ಅಡಿಗೆರೆ ಎಳೆದು ಮುಂದೆ ಹೋಗಿ. ತಪ್ಪಿದ್ದನ್ನು ಯೋಚಿಸುತ್ತ ನಿಂತವರು ಒಂದರ ಬದಲು ನಾಲ್ಕು ಕಳೆದುಕೊಳ್ಳುತ್ತಾರೆ.

ಕೆಲವು ತಪ್ಪುಗಳಲ್ಲಿ ದೋಷ ನಿಮ್ಮದಾಗಿರುವುದಿಲ್ಲ, ಕಳಿಸುವವರ ಬಿಡುವಿನದು. ‘ಸಿ’ ನಡುವೆ ಮುರಿದರೆ ‘ಎನ್ ಎನ್’ ಆಗುತ್ತದೆ, ‘ಕ್ಯೂ’ ಮುರಿದರೆ ‘ಎಂ ಎ’. ‘ಎ ಎನ್’ ಅಂಟಿಕೊಂಡರೆ ‘ಪಿ’. ‘ಎನ್ ಎನ್ ಎಂ ಎ’ ಎಂದು ಬರೆದುಕೊಂಡಿದ್ದರೆ ಅದು ‘ಸಿಕ್ಯೂ’, ಯಾರೋ ಎಲ್ಲರನ್ನೂ ಕರೆಯುತ್ತಿದ್ದಾರೆ. ಎಸ್, ಎಚ್, 5 ಇವು ಮೂರು, ನಾಲ್ಕು, ಐದು ಡಿಟ್‌ಗಳು. ಎಣಿಸಲು ಹೋದರೆ ಸೋಲುತ್ತೀರಿ, ಸದ್ದಿನ ಉದ್ದದಿಂದಲೇ ಬೇರ್ಪಡಿಸಬೇಕು.

## ಹಂತ 5: ಆರ್‌ಎಸ್‌ಟಿ ಎಂದರೆ ಮೂರು ಬೇರೆ ಪ್ರಶ್ನೆಗಳು

ಆರ್‌ಎಸ್‌ಟಿ ಎಂದರೆ 599ರಂಥ ಸಿಗ್ನಲ್ ರಿಪೋರ್ಟ್. ಅದರ ಮೂರು ಅಂಕಿಗಳಿಗೂ ಪ್ರತ್ಯೇಕವಾಗಿ, ಇದೇ ಕ್ರಮದಲ್ಲಿ ಉತ್ತರ ಕಂಡುಕೊಳ್ಳಿ.

ಆರ್: ಎಷ್ಟು ಅರ್ಥವಾಯಿತು? 1ರಿಂದ 5. ನಿಮ್ಮ ಹಾಳೆಯೇ ಸಾಕ್ಷಿ. ಸರಾಗವಾಗಿ ಎಲ್ಲ ಬಂದಿದ್ದರೆ 5. ಎಲ್ಲೋ ಒಂದೆರಡು ಕಡೆ ಕಿವಿಗೊಟ್ಟು ಕೇಳಬೇಕಾಯಿತು, ಆದರೂ ಕಷ್ಟವಿಲ್ಲ ಎಂದಾದರೆ 4. ತುಂಬ ತಿಣುಕಿದ ಮೇಲೆ ವಿಷಯ ಸಿಕ್ಕಿದರೆ 3. ಅಲ್ಲೊಂದು ಇಲ್ಲೊಂದು ಪದ ಮಾತ್ರವಾದರೆ 2. ಏನೂ ಸಿಗದಿದ್ದರೆ 1. ಹೆಸರನ್ನು ಮತ್ತೆ ಕಳಿಸಲು ಕೇಳಬೇಕಾಗಿದೆಯೆ? ಹಾಗಿದ್ದರೆ ಅದು 5 ಅಲ್ಲ. 5 ಎಂದು ಕೇಳಿದವರು ತಮ್ಮ ಸಿಗ್ನಲ್ ಚೆನ್ನಾಗಿದೆ ಎಂದು ನಂಬಿ ವೇಗ ಹೆಚ್ಚಿಸುತ್ತಾರೆ, ಪದಗಳನ್ನು ಒಂದೇ ಸಲ ಕಳಿಸುತ್ತಾರೆ. ಆಗ ನಿಮಗೇ ಇನ್ನಷ್ಟು ಕಷ್ಟ.

ಎಸ್: ಎಷ್ಟು ಬಲವಾಗಿದೆ? 1ರಿಂದ 9. ಎಚ್‌ಎಫ್ (3–30 ಮೆಗಾಹರ್ಟ್ಸ್) ಬ್ಯಾಂಡ್‌ಗಳಲ್ಲಿ ಎಸ್9 ಎಂದರೆ ರಿಸೀವರಿನ ಆಂಟೆನಾ ಮೊನೆಯಲ್ಲಿ 50 ಮೈಕ್ರೋವೋಲ್ಟ್. ಒಂದೊಂದು ಎಸ್ ಮೆಟ್ಟಿಲಿಗೂ 6 ಡೆಸಿಬೆಲ್. ಇದು ಒಪ್ಪಿತ ಅಳತೆ, ಆದರೆ ಹೆಚ್ಚಿನ ರಿಗ್‌ಗಳ ಮೀಟರ್ ಎಸ್5ರ ಕೆಳಗೆ ಅಷ್ಟು ನಿಖರವಾಗಿರುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ ಗದ್ದಲವನ್ನೇ ಸಿಗ್ನಲ್ ಎಂದು ಓದುವುದು. ಮೊದಲ ಹಂತದಲ್ಲಿ ಬರೆದಿಟ್ಟ ಅಂಕಿ ಈಗ ತೆಗೆಯಿರಿ. ಖಾಲಿ ಜಾಗದಲ್ಲೇ ಮೀಟರ್ ಎಸ್5 ತೋರಿಸುತ್ತಿದ್ದರೆ, ಮುಳ್ಳು ಎಸ್6ಕ್ಕೆ ಏರಿದ ಸಿಗ್ನಲ್ ಗದ್ದಲಕ್ಕಿಂತ ಒಂದೇ ಮೆಟ್ಟಿಲು ಮೇಲಿದೆ. ಮೀಟರೇ ಇಲ್ಲದ ಸಣ್ಣ ರಿಗ್‌ಗಳಲ್ಲಿ ಕಿವಿಯಿಂದ ಹೇಳಿ: ಗದ್ದಲದೊಳಗಿಂದ ಇಣುಕಿದರೆ 2–3, ಆರಾಮಾಗಿ ಮೇಲಿದ್ದರೆ 5–6, ವಾಲ್ಯೂಮ್ ತಗ್ಗಿಸಬೇಕಾದರೆ 8–9.

ಟಿ: ಸ್ವರ ಎಷ್ಟು ಶುದ್ಧ? 1ರಿಂದ 9. ಇಂದಿನ ರಿಗ್‌ಗಳಲ್ಲಿ ಬಹುತೇಕ 9. ಹಾಗಾಗಿಯೇ ಕಿವಿ ಇದನ್ನು ಮರೆತುಬಿಡುತ್ತದೆ, ನಿಜವಾಗಿ ಕೆಟ್ಟ ಸ್ವರ ಬಂದಾಗಲೂ 9 ಎಂದುಬಿಡುತ್ತೇವೆ. ಕೀ ಒತ್ತಿದೊಡನೆ ಸ್ವರ ಜಾರಿ ‘ಪ್ಯೂ’ ಎಂದರೆ ಕೊನೆಗೆ ಸಿ ಸೇರಿಸಿ, 579ಸಿ ಎಂದು. ಅಂಚುಗಳಲ್ಲಿ ‘ಕ್ಲಿಕ್’ ಇದ್ದರೆ ಕೆ. ಸ್ವರದ ಜೊತೆ ಗುಂಯ್ ಬೆರೆತಿದ್ದರೆ 9ರಿಂದ ಇಳಿಸಿ. ಇದನ್ನು ಹೇಳಲು ಸಂಕೋಚ ಬೇಡ. ಕಳಿಸುವವರಿಗೆ ತಮ್ಮ ಸ್ವರ ಕೇಳುವುದಿಲ್ಲ, ಕೇಳುವುದು ಸೈಡ್‌ಟೋನ್ ಮಾತ್ರ.

ಆರ್ ಮತ್ತು ಎಸ್ ಒಟ್ಟಿಗೆ ಏರಿಳಿಯಬೇಕಾಗಿಲ್ಲ. ಈ ಮಾರ್ಗದರ್ಶಿಯ ತಿರುಳೇ ಇದು. ಡಿಸೆಂಬರಿನ ಮುಂಜಾನೆ ತೋಟದ ಮನೆಯಲ್ಲಿ ಬ್ಯಾಂಡ್ ಸ್ತಬ್ಧವಾಗಿರುವಾಗ ಎಸ್3 ಸಿಗ್ನಲ್ ಅಕ್ಷರಕ್ಷರ ಬಿಡಿಸಿದಂತೆ ಬರುತ್ತದೆ. ಅದು 539, ಒಳ್ಳೆಯ ರಿಪೋರ್ಟ್. ಏಪ್ರಿಲ್ ಸಂಜೆ ಸುತ್ತ ಮಿಂಚಿರುವಾಗ ಎಸ್7 ಸಿಗ್ನಲ್ ಕೂಡ ಹರಿದು ಹರಿದು ಬರುತ್ತದೆ. ಅದು 379, ಜೊತೆಗೆ ಕ್ಯೂಆರ್‌ಎನ್ ಎಂದು ಸೇರಿಸಿ. ಎರಡನೆಯವರು ಪವರ್ ಹೆಚ್ಚಿಸಿ ಪ್ರಯೋಜನ ಕಡಿಮೆ, ನಿಧಾನವಾಗಿ ಎರಡೆರಡು ಸಲ ಕಳಿಸಬೇಕು. ಸರಿಯಾದ ರಿಪೋರ್ಟ್ ಎದುರಿನವರಿಗೆ ಇದನ್ನೇ ತಿಳಿಸುತ್ತದೆ.

## ಹಂತ 6: ಬೀಕನ್‌ನಿಂದ ಕಿವಿಯನ್ನು ತಿದ್ದಿಕೊಳ್ಳಿ

14.100 ಮೆಗಾಹರ್ಟ್ಸ್‌ನಲ್ಲಿ ಪ್ರಪಂಚದ 18 ಬೀಕನ್‌ಗಳು (ತಾವಾಗಿಯೇ ಸಿಗ್ನಲ್ ಕಳಿಸುವ ಸ್ಟೇಷನ್‌ಗಳು) ಸರದಿಯ ಮೇಲೆ ತಲಾ 10 ಸೆಕೆಂಡ್ ಕಳಿಸುತ್ತವೆ; ಮೂರು ನಿಮಿಷಕ್ಕೆ ಒಂದು ಸುತ್ತು, ಗಂಟೆಯ ಆರಂಭದಿಂದ ಲೆಕ್ಕ. ಸುತ್ತಿನ 1 ನಿಮಿಷ 20ನೇ ಸೆಕೆಂಡಿಗೆ ಹಾಂಗ್‌ಕಾಂಗ್, 1:30ಕ್ಕೆ ಶ್ರೀಲಂಕಾ, 1:40ಕ್ಕೆ ದಕ್ಷಿಣ ಆಫ್ರಿಕಾ, 1:50ಕ್ಕೆ ಕೀನ್ಯಾ, 2:00ಕ್ಕೆ ಇಸ್ರೇಲ್. ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರಲಿ. ಕಾಲ್‌ಸೈನ್ 22 ಪದಗಳ ವೇಗದಲ್ಲಿ ಬರುತ್ತದೆ, ಹೊಸಬರಿಗೆ ಚುರುಕೇ. ಆದರೆ ಯಾರದೆಂದು ಗಡಿಯಾರವೇ ಹೇಳುವುದರಿಂದ ಹೆದರಬೇಕಿಲ್ಲ.

ಕಾಲ್‌ಸೈನ್ ಆದ ಮೇಲೆ ಒಂದೊಂದು ಸೆಕೆಂಡಿನ ನಾಲ್ಕು ಉದ್ದ ಡಾ ಬರುತ್ತವೆ: 100 ವ್ಯಾಟ್, 10 ವ್ಯಾಟ್, 1 ವ್ಯಾಟ್, 0.1 ವ್ಯಾಟ್. ಪ್ರತಿ ಸಲ 10 ಡೆಸಿಬೆಲ್ ಇಳಿತ, ಅಂದರೆ ಒಂದೂವರೆ ಎಸ್ ಮೆಟ್ಟಿಲಿಗಿಂತ ತುಸು ಹೆಚ್ಚು. ಎಷ್ಟು ಡಾ ಕೇಳಿಸಿತು ಎಂದು ಎಣಿಸಿ. ಮೀಟರ್ ಮುಳ್ಳು ಪ್ರತಿ ಸಲ ಅಷ್ಟೇ ಇಳಿಯುತ್ತದೆಯೇ ನೋಡಿ. ಮೊದಲ ಇಳಿತಕ್ಕೇ ಮೂರು ಮೆಟ್ಟಿಲು ಬಿದ್ದರೆ ನಿಮ್ಮ ಮೀಟರಿನ ಸುಳ್ಳು ಎಷ್ಟೆಂದು ತಿಳಿಯಿತು. ಮುಂದೆ ರಿಪೋರ್ಟ್ ಕೊಡುವಾಗ ಅದನ್ನು ಕಳೆಯಿರಿ.

ಒಂದು ಬೀಕನ್ ಕೇಳದಿದ್ದರೆ ಆಂಟೆನಾ ಬಿಚ್ಚಬೇಡಿ. ದುರಸ್ತಿಗಾಗಿ ಕೆಲವು ಆಗಾಗ ನಿಂತಿರುತ್ತವೆ. ಶ್ರೀಲಂಕಾ ನಮಗೆ ಹತ್ತಿರವಾದ್ದರಿಂದ ಕೆಲವು ಹೊತ್ತಿನಲ್ಲಿ ಅದರ ಸಿಗ್ನಲ್ ನಮ್ಮ ತಲೆಯ ಮೇಲಿಂದ ಹಾರಿಹೋಗಿ ದೂರದ ಇಸ್ರೇಲ್ ಮಾತ್ರ ಕೇಳಿಸುವುದೂ ಉಂಟು.

## ಹಂತ 7: ಸಂಪರ್ಕದ ಕ್ರಮ

ಕರೆಯುವ ಮುನ್ನ ‘ಕ್ಯೂಆರ್‌ಎಲ್?’ ಕಳಿಸಿ, ಜಾಗ ಖಾಲಿ ಇದೆಯೇ ಎಂದು ಕೇಳಿ. ಉತ್ತರ ಬರದಿದ್ದರೆ ‘ಸಿಕ್ಯೂ ಸಿಕ್ಯೂ ಡಿಇ’ (ಡಿಇ ಎಂದರೆ ‘ಇಂಥವರಿಂದ’), ನಿಮ್ಮ ಕಾಲ್‌ಸೈನ್ ಎರಡು ಸಲ, ‘ಕೆ’ (ಈಗ ನೀವು ಕಳಿಸಿ). ಉತ್ತರಿಸಿದವರಿಗೆ ಕೊಡುವ ಕ್ರಮ: ವಂದನೆ, ರಿಪೋರ್ಟ್ ಎರಡು ಸಲ, ಊರು ಎರಡು ಸಲ, ಹೆಸರು ಎರಡು ಸಲ, ಕೊನೆಗೆ ‘ಎಚ್‌ಡಬ್ಲ್ಯೂ?’, ಹೇಗೆ ಕೇಳಿಸುತ್ತಿದೆ ಎಂದು. ವಿಷಯಗಳ ನಡುವೆ ಡಾ-ಡಿ-ಡಿ-ಡಿ-ಡಾ ಹಾಕಿ. ಇದೇ ಕ್ರಮ ಎಲ್ಲ ಕಡೆ ನಡೆಯುವುದರಿಂದ, ಮೊದಲು ಬರುವ ಅಂಕಿ ರಿಪೋರ್ಟೇ ಎಂದು ನಂಬಿ ಕಾಯಬಹುದು.

‘5ಎನ್‌ಎನ್’ ಎಂದು ಬಂದರೆ ಗಾಬರಿಬೇಡ, ಅದು 599. ಒಂಬತ್ತರ ಡಾ-ಡಾ-ಡಾ-ಡಾ-ಡಿಟ್ ಬದಲು ಡಾ-ಡಿಟ್ ಕಳಿಸಿ ಸಮಯ ಉಳಿಸುತ್ತಾರೆ. ಸೊನ್ನೆಗೆ ಟಿ, ಒಂದಕ್ಕೆ ಎ. ಸ್ಪರ್ಧೆಗಳಲ್ಲಿ ಎಲ್ಲರಿಗೂ 599 ಕೊಡುವುದು ರೂಢಿ. ಅದರಿಂದ ನಿಮ್ಮ ಸಿಗ್ನಲ್ ಬಗ್ಗೆ ಏನೂ ತಿಳಿಯುವುದಿಲ್ಲ.

ಎದುರಿನವರ ವೇಗ ಹೆಚ್ಚಾದರೆ ‘ಕ್ಯೂಆರ್‌ಎಸ್’ ಎನ್ನಿ. ನಿಧಾನಿಸುವುದು ಸೌಜನ್ಯ, ಕೇಳುವುದು ಅವಮಾನವಲ್ಲ. ಮುಗಿಸುವಾಗ ‘ಎಸ್‌ಕೆ’.

ಲಾಗ್ ಪುಸ್ತಕದಲ್ಲಿ ಸಮಯ ಯುಟಿಸಿಯಲ್ಲಿರಲಿ: ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ. 12ನೇ ತಾರೀಕು ಬೆಳಗಿನ 5 ಗಂಟೆ ಎಂದರೆ 11ರ 23:30. ತಾರೀಕು ಬದಲಿಸಲು ಮರೆತರೆ ಇಬ್ಬರ ಲಾಗ್ ತಾಳೆಯಾಗುವುದಿಲ್ಲ.

## ಹಂತ 8: ಬೇರೆ ಬಗೆಯ ರಿಪೋರ್ಟ್‌ಗಳು

ಮಾತಿನ ಸಂಪರ್ಕದಲ್ಲಿ ಟಿ ಇಲ್ಲ, 59 ಅಥವಾ 47 ಎಂದಷ್ಟೇ. ಎಫ್‌ಟಿ8ರಲ್ಲಿ (ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ಮೋಡ್‌ನಲ್ಲಿ) ಬರುವ ಮೈನಸ್ 12ರಂಥ ಅಂಕಿ ಗದ್ದಲಕ್ಕೆ ಹೋಲಿಸಿದ ಡೆಸಿಬೆಲ್, ಎಸ್ ಅಲ್ಲ. ಎರಡನ್ನೂ ತಾಳೆ ಹಾಕಬೇಡಿ. ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಮೂಲಕ ಮಾತಾಡುವಾಗ ನಿಮ್ಮ ಮೀಟರ್ ತೋರಿಸುವುದು ರಿಪೀಟರಿನ ಬಲವನ್ನು. ಅಲ್ಲಿ ‘59’ ಎನ್ನುವುದು ತಪ್ಪು. ಧ್ವನಿ ಸ್ವಚ್ಛವಾಗಿದೆಯೇ, ಹಿಂದೆ ಸರಸರ ಇದೆಯೇ, ಮಾತು ಕಡಿಯುತ್ತಿದೆಯೇ, ಅಷ್ಟು ಹೇಳಿ.

## ಹಂತ 9: ನಿಮಗೆ ಬಂದ ರಿಪೋರ್ಟ್ ಓದುವುದು

ಒಂದು ರಿಪೋರ್ಟ್‌ನಿಂದ ತೀರ್ಮಾನಕ್ಕೆ ಬರಬೇಡಿ. ಬೇರೆ ಬೇರೆ ಊರಿನ ಮೂರ್ನಾಲ್ವರು ಒಂದೇ ಮಾತು ಹೇಳಿದರೆ ಹುಡುಕಲು ಹೊರಡಿ.

ಎಲ್ಲರೂ ‘ಸಿ’ ಸೇರಿಸುತ್ತಿದ್ದರೆ ಬ್ಯಾಟರಿ ಮತ್ತು ವೈರ್ ನೋಡಿ. ಮಳೆಗಾಲದಲ್ಲಿ ಕರೆಂಟ್ ಇಲ್ಲದ ದಿನಗಳಲ್ಲಿ ಕಾರ್ ಬ್ಯಾಟರಿಯಿಂದ ರಿಗ್ ನಡೆಸುವಾಗ ಇದು ಮಾಮೂಲು. 100 ವ್ಯಾಟ್‌ಗೆ ರಿಗ್ ಸುಮಾರು 20 ಆಂಪಿಯರ್ ಎಳೆಯುತ್ತದೆ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ 3 ಮೀಟರ್ ದೂರ ಹೋಗಿ ಬರುವಷ್ಟರಲ್ಲಿ 0.8 ವೋಲ್ಟ್ ನುಂಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 0.35 ವೋಲ್ಟ್‌ಗಿಂತ ಕಡಿಮೆ. ಕೀ ಒತ್ತಿ ರಿಗ್‌ನ ಹಿಂದಿನ ಟರ್ಮಿನಲ್‌ನಲ್ಲೇ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಬ್ಯಾಟರಿಯ ಮೇಲೆ ಅಳೆದರೆ ದೋಷ ಕಾಣುವುದಿಲ್ಲ. ಪವರ್ 20 ವ್ಯಾಟ್‌ಗೆ ಇಳಿಸಿದರೂ ಕೇಳುವವರಿಗೆ ಬರುವ ನಷ್ಟ ಒಂದು ಮೆಟ್ಟಿಲಿಗಿಂತ ತುಸು ಹೆಚ್ಚು, 7 ಡೆಸಿಬೆಲ್ ಅಷ್ಟೇ.

ಟಿ ಇಳಿದು ಗುಂಯ್ ಎಂದರೆ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಸೋತಿದೆ. ಬ್ಯಾಟರಿಗೆ ಬದಲಿಸಿದಾಗ ಸ್ವರ ಶುದ್ಧವಾದರೆ ಖಾತ್ರಿ.

ಎಸ್ ಚೆನ್ನಾಗಿದ್ದು ಆರ್ ಮಾತ್ರ ಕಡಿಮೆ, ಕ್ಯೂಆರ್‌ಎನ್ ಎಂದೂ ಯಾರೂ ಹೇಳುತ್ತಿಲ್ಲ ಎಂದಾದರೆ ದೋಷ ನಿಮ್ಮ ಕೈಯಲ್ಲಿದೆ. ಕಳಿಸಿದ್ದನ್ನು ರೆಕಾರ್ಡ್ ಮಾಡಿ ಮರುದಿನ ಕೇಳಿ, ಬರೆಯಿರಿ. ಅಕ್ಷರಗಳ ನಡುವೆ ಮೂರು ಮಾತ್ರೆ ಬಿಡದೆ ಒಂದೂವರೆ ಬಿಡುತ್ತಿರುವುದು ಆಗ ಗೊತ್ತಾಗುತ್ತದೆ.

ಜೂನ್‌ನಿಂದ ವಾರವಾರವೂ ಎಸ್ ಇಳಿಯುತ್ತ ಬಂದರೆ ಕೇಬಲ್ ತುದಿಯ ಕನೆಕ್ಟರಿನೊಳಗೆ ನೀರು ಇಳಿದಿದೆ. ಮಳೆ ನಿಂತ ಎರಡು ದಿನಕ್ಕೆ ರಿಪೋರ್ಟ್ ಸುಧಾರಿಸಿ ಮತ್ತೆ ಮಳೆಗೆ ಕುಸಿಯುವುದು ಇದರ ಗುರುತು. ಕನೆಕ್ಟರ್ ಬಿಚ್ಚಿ, ಒಳಗಿನ ಜಾಲರಿ ತಾಮ್ರ ಕಪ್ಪಾಗಿದ್ದರೆ ಹೊಳಪು ಸಿಗುವವರೆಗೆ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಅರ್ಧರ್ಧ ಸುತ್ತು ಮೇಲೇರುವಂತೆ ಎಳೆದು ಸುತ್ತಿ. ಕೇಬಲ್ ಮನೆಯೊಳಗೆ ಬರುವ ಮುಂಚೆ ಕಿಂಡಿಗಿಂತ ಒಂದಡಿ ಕೆಳಗೆ ಜೋತುಬೀಳುವಂತೆ ಬಳಸಿ ತಂದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸರಿಪಡಿಸಿದ ಮೇಲೆ ಹೋಲಿಸಲು ಯಾರೂ ಸಿಗದಿದ್ದರೆ ರಿವರ್ಸ್ ಬೀಕನ್ ನೆಟ್‌ವರ್ಕ್ ಇದೆ. ಸಿಕ್ಯೂ, ಡಿಇ, ಕಾಲ್‌ಸೈನ್ ಎರಡು ಸಲ ಎಂಬ ಕ್ರಮ ತಪ್ಪದೆ ಕರೆದರೆ, ಕೇಳಿಸಿಕೊಂಡ ಸ್ವಯಂಚಾಲಿತ ರಿಸೀವರ್‌ಗಳು ನಿಮ್ಮ ವೇಗವನ್ನೂ ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲಿದ್ದೀರಿ ಎಂಬುದನ್ನೂ ಇಂಟರ್ನೆಟ್‌ನಲ್ಲಿ ತೋರಿಸುತ್ತವೆ. ದುರಸ್ತಿಯ ಮುಂಚೆ ಒಂದು ಸಲ, ಆಮೇಲೆ ಮರುದಿನ ಅದೇ ಹೊತ್ತಿಗೆ, ಅದೇ ಪವರ್‌ನಲ್ಲಿ ಇನ್ನೊಂದು ಸಲ ಕರೆದು ಎರಡೂ ಅಂಕಿ ಲಾಗ್‌ನಲ್ಲಿ ಬರೆದಿಡಿ.